ಹೊಗಳಬಾರದ ಗಡಿಯಾರ

ಶಾಫಿಯ ಬಾಯಿಗೆ ಬೀಗ ಹಾಕಿಕೊಡುವ ಅಂಗಡಿ ಕುವೈತಿನಲ್ಲಿ ಎಲ್ಲಾದರೂ ಇದ್ದಿದ್ದರೆ, ಆ ಶುಕ್ರವಾರ ಜಹ್ರಾಕ್ಕೆ ಹೊರಡುವ ಮೊದಲು ನಾನು ಅವನನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಶಾಫಿ ನನ್ನ ಹೆಂಡತಿಯ ತಮ್ಮ. ಒಳ್ಳೆಯವನು, ಕರೆದಾಗ ಕಾರು ತೆಗೆದುಕೊಂಡು ಬರುತ್ತಾನೆ, ಆದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಹೊಗಳದಿದ್ದರೆ ಅವನಿಗೆ ತಿಂದ ಅನ್ನ ಅರಗುವುದಿಲ್ಲ. ನನ್ನ ಮಗ ಫಲಾಹ್ ಎಣ್ಣೆ ಬಾವಿಯ ಪಾಳಿಯಲ್ಲಿದ್ದ. ಬೂ ಬರ್ಜಸ್‌ನಂಥ ದೊಡ್ಡವನ ಮನೆಗೆ ಗಡಿಯಾರದ ವ್ಯವಹಾರಕ್ಕೆಂದು ಒಬ್ಬನೇ ಹೋಗುವುದು ನಮ್ಮಲ್ಲಿ ಇಲ್ಲ. ಬೇರೆ ಯಾರೂ ಸಿಗದೆ ಶಾಫಿಯೇ ಗತಿಯಾದ.

"ಇನ್ನೊಂದ್ಸಲ ಹೇಳ್ತೀನಿ, ಕೇಳಿಸ್ಕೋ. ಆ ಗಡಿಯಾರ ಚೆನ್ನಾಗಿದೆ ಅನ್ಬೇಡ. ಭಾರಿ ಇದೆ ಅನ್ಬೇಡ. ಮಾಶಾ ಅಲ್ಲಾ ಅಂತ ಕೂಡ ಅನ್ಬೇಡ," ಎಂದೆ.

"ಅಯ್ಯೋ ಭಾವ, ನಾನೇನು ನಿನ್ನೆ ಹುಟ್ಟಿದ ಮಗೂನಾ?"

"ಮಗೂಗೆ ಮಾತು ಬರಲ್ಲ. ನಿನಗಿಂತ ಅದೇ ವಾಸಿ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಅತಿಥಿ ಒಂದು ವಸ್ತುವನ್ನು ಬಾಯಿಬಿಟ್ಟು ಹೊಗಳಿದರೆ ಮನೆಯ ಯಜಮಾನ ಅದನ್ನು ಅಲ್ಲೇ ಬಿಚ್ಚಿ ಅವನ ಕೈಗಿಡಬೇಕು. ಸಾಧಾರಣ ಜನರ ನಡುವೆ ಇದೊಂದು ಚೆಂದದ ಉಪಚಾರ. ಅವನು ತಗೋ ಅನ್ನುತ್ತಾನೆ, ನೀವು ಬೇಡ ಅನ್ನುತ್ತೀರಿ, ಇಬ್ಬರೂ ನಕ್ಕು ಖರ್ಜೂರ ತಿನ್ನುತ್ತೀರಿ. ಬೂ ಬರ್ಜಸ್‌ನಂಥವನ ಮನೆಯಲ್ಲಿ ಅದು ಉಪಚಾರವಲ್ಲ. ಅವನು ಕೊಟ್ಟೆ ಎಂದರೆ ಕೊಟ್ಟ ಹಾಗೆಯೇ. ಬೇಡ ಎಂದರೆ ಅವನ ಮುಖಕ್ಕೆ ಉಗಿದ ಹಾಗೆ. ತೆಗೆದುಕೊಂಡರೆ ಮುಂದೆ ಅವನು ಕೇಳಿದ್ದಕ್ಕೆ ಇಲ್ಲ ಎನ್ನುವ ಬಾಯಿ ನಮಗೆ ಉಳಿಯುವುದಿಲ್ಲ. ಅವನು ಏನು ಕೇಳುತ್ತಾನೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಬೂ ಎಂದರೆ ಅಪ್ಪ, ನಮ್ಮಲ್ಲಿ ಗಂಡಸನ್ನು ಹಿರಿಮಗನ ಹೆಸರು ಹಿಡಿದು ಕರೆಯುತ್ತಾರೆ. ಆ ಮಗ ಬರ್ಜಸ್ ರಂಜಾನಿಗೆ ಮೊದಲು ನಮ್ಮ ಕಟ್ಟಡದ ಮುಂದೆ ನಮ್ಮ ಕಾವಲುಗಾರ ಬಖೀತನಿಗೆ ಕಾರು ಗುದ್ದಿದ. ನಾನು ಬಾಲ್ಕನಿಯಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ. ಸಿಗ್ನಲ್ ಕೆಂಪಾಗಿತ್ತು. ಬಖೀತ್ ಕೈಯಲ್ಲಿ ರೊಟ್ಟಿಯ ಚೀಲ ಹಿಡಿದು ನ್ಯಾಯವಾಗಿ ರಸ್ತೆ ದಾಟುತ್ತಿದ್ದ. ಬರ್ಜಸ್ ತಲೆ ತಗ್ಗಿಸಿ ಫೋನ್ ನೋಡುತ್ತಿದ್ದ. ಬಖೀತನ ತೊಡೆಯ ಮೂಳೆ ಮುರಿಯಿತು, ಇನ್ನು ಮೊದಲಿನ ಹಾಗೆ ನಡೆಯಲಾರ ಎಂದರು ವೈದ್ಯರು. ಬರ್ಜಸ್ ಪೊಲೀಸರ ಮುಂದೆ, ನನಗೆ ಹಸಿರಿತ್ತು, ಮುದುಕನೇ ಓಡಿ ಬಂದು ಬಿದ್ದ ಎಂದ. ಕಂಡವನು ನಾನೊಬ್ಬನೇ. ಭಾನುವಾರ ಬೆಳಿಗ್ಗೆ ತನಿಖಾಧಿಕಾರಿಯ ಮುಂದೆ ನಾನು ಹೇಳಿಕೆ ಕೊಡಬೇಕಿತ್ತು. ನಾನು ಬಾಯಿ ಮುಚ್ಚಿಕೊಂಡರೆ ಬಖೀತ್ ಕುಂಟು ಕಾಲು, ಬರಿಗೈ ಹೊತ್ತುಕೊಂಡು ಈಜಿಪ್ಟಿನ ತನ್ನ ಹಳ್ಳಿಗೆ ವಾಪಸ್ ಹೋಗಬೇಕು.

ಬಖೀತ್ ನನಗೆ ಪ್ರಾಣಸ್ನೇಹಿತನೇನಲ್ಲ. ನೀರಿನ ಪಂಪಿನ ವಿಷಯಕ್ಕೆ ನಾವಿಬ್ಬರೂ ದಿನಾ ಜಗಳವಾಡುತ್ತೇವೆ. ಲಿಫ್ಟ್ ಕೆಟ್ಟರೆ ಅದಕ್ಕೆ ನಾನೇ ಕಾರಣ ಎಂಬಂತೆ ನೋಡುತ್ತಾನೆ. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನಲು ನನ್ನಿಂದ ಆಗದು. ಬೂ ಬರ್ಜಸ್ ದೊಡ್ಡವರನ್ನು ಕಳಿಸಿದ, ಸಿಹಿಯ ತಟ್ಟೆ ಕಳಿಸಿದ, ಕುರಿ ಕಳಿಸಿದ. ಎಲ್ಲವನ್ನೂ ವಿನಯದಿಂದ ವಾಪಸ್ ಕಳಿಸಿದೆ. ಕುರಿಯನ್ನು ವಾಪಸ್ ಕಳಿಸುವುದು ಎಷ್ಟು ಕಷ್ಟ ಎಂದು ಕಳಿಸಿದವರಿಗೇ ಗೊತ್ತು.

ಆಗ ಗಾಝಿಯ ಗಡಿಯಾರ ಎದ್ದು ಬಂತು.

ಗಾಝಿ ನನ್ನ ಅಣ್ಣ. ಬಡ್ತಿ ಸಿಕ್ಕಾಗ ತನಗೆ ತಾನೇ ಕೊಂಡುಕೊಂಡ ಸ್ವಿಸ್ ಗಡಿಯಾರ ಅದು. ಹಾಲಿನ ಕೆನೆ ಬಣ್ಣದ ಮುಖ, ನಮ್ಮ ಅರಬಿ ಅಂಕಿಗಳು, ಪಕ್ಕದಲ್ಲಿ ಅಣಬೆಯಂತೆ ಎರಡು ಗುಂಡಿಗಳು, ಒಳಗೆ ಓಟದ ಕಾಲ ಅಳೆಯುವ ಪುಟ್ಟ ಚಕ್ರಗಳು. ಹೊಚ್ಚ ಹೊಸದು, ಆದರೆ ನಮ್ಮಪ್ಪನ ಕಾಲದ್ದರಂತೆ ಕಾಣಲಿ ಎಂದೇ ಮಾಡಿದ್ದು. ಹಳೆಯದರಂತೆ ಕಾಣಲೆಂದು ಹೊಸದಕ್ಕೆ ಹೆಚ್ಚು ಹಣ ಕೊಟ್ಟ ಏಕೈಕ ಮನುಷ್ಯ ನೀನು, ನನ್ನನ್ನು ಕೊಂಡಿದ್ದರೆ ಪುಕ್ಕಟೆ ಸಿಗುತ್ತಿದ್ದೆ ಎಂದು ನಾನು ರೇಗಿಸುತ್ತಿದ್ದೆ. ಅವನ ಮಗ ಮಿಶಾರಿ ಚಿಕ್ಕವನಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಗುಂಡಿ ಒತ್ತಿ, ಉದ್ದದ ಮುಳ್ಳು ಓಡುವುದನ್ನು ನೋಡುತ್ತಿದ್ದ. ಒಮ್ಮೆ ಕೈತಪ್ಪಿ ಅಮೃತಶಿಲೆಯ ನೆಲದ ಮೇಲೆ ಬೀಳಿಸಿದ. ಆಮೇಲೆ ಆ ಮುಳ್ಳು ವಾಪಸ್ ಬಂದಾಗ ಹನ್ನೆರಡರ ಮೇಲೆ ಸರಿಯಾಗಿ ನಿಲ್ಲದೆ ಕೂದಲೆಳೆಯಷ್ಟು ಎಡಕ್ಕೇ ನಿಲ್ಲುತ್ತಿತ್ತು. ಗಾಝಿ ಅದನ್ನು ಸರಿ ಮಾಡಿಸಲೇ ಇಲ್ಲ. ಇದು ನನ್ನ ಮಗನ ರುಜು ಅನ್ನುತ್ತಿದ್ದ.

ಗಾಝಿ ಹೃದಯಾಘಾತದಿಂದ ಹೋದ. ಅವನ ಹೆಂಡತಿ ಮುನೀರಾ, ಯಾರ ಮುಂದೂ ಕೈಚಾಚಬಾರದೆಂದು ಗಡಿಯಾರವನ್ನು ಗುಟ್ಟಾಗಿ ಸಾಲ್ಮಿಯಾದ ಅಂಗಡಿಯೊಂದಕ್ಕೆ ಮಾರಿದಳು. ನಮಗೆ ಗೊತ್ತಾದಾಗ ಅದು ಎಲ್ಲಿಗೋ ಹೋಗಿತ್ತು. ಈಗ ಬರುವ ಗುರುವಾರ ಮಿಶಾರಿಯ ಮದುವೆ. ಅಪ್ಪನ ಗಡಿಯಾರವನ್ನು ತಾನೇ ಅವನ ಕೈಗೆ ಕಟ್ಟಬೇಕೆಂದು ಮುನೀರಾ ಹೊಲಿಗೆ ಮಾಡಿ, ಅಡುಗೆ ಮಾಡಿ ಹಣ ಕೂಡಿಸಿಟ್ಟಿದ್ದಳು. ಆ ಅಂಗಡಿಯವನೇ ನನಗೆ ಫೋನ್ ಮಾಡಿ, ನಿಮ್ಮ ಗಡಿಯಾರ ಮತ್ತೆ ಮಾರಾಟಕ್ಕಿದೆ, ಈಗಿನ ಮಾಲೀಕ ಜಹ್ರಾದ ಬೂ ಬರ್ಜಸ್, ಬೆಲೆ ಮಾತಾಡಲು ನೀವೇ ದಿವಾನಿಯಕ್ಕೆ ಬರಬೇಕಂತೆ ಎಂದ. ಇದು ಅಕಸ್ಮಾತ್ತಾಗಿ ಆದದ್ದಲ್ಲ, ಹುಡುಕಿ ಕೊಂಡು ಇಟ್ಟ ಗಾಳ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಆದರೂ ಹೊರಟೆ.

ಮುನೀರಾ ಹಣದ ಲಕೋಟೆ ಕೊಡುವಾಗ ಒಂದೇ ಮಾತು ಹೇಳಿದಳು. "ಒಂದು ದಿನಾರ್ ಕೂಡ ಬಿಡಿಸ್ಬೇಡ. ಮಾರಿದ್ದು ನಾನು, ಕೊಳ್ಳೋದೂ ನಾನೇ. ಯಾರ ದಾನವೂ ನನ್ನ ಮಗನ ಕೈಮೇಲೆ ಬೇಡ."

ಇಳಿಹೊತ್ತಿನ ಅಸರ್ ನಮಾಜಿನ ನಂತರ ನಾವು ದಿವಾನಿಯಕ್ಕೆ, ಅತಿಥಿಗಳು ಬಂದು ಕೂರುವ ಹಜಾರಕ್ಕೆ, ಹೋದೆವು. ಗೋಡೆಯುದ್ದಕ್ಕೂ ದಿಂಬುಗಳಿಗೆ ಒರಗಿ ಗಂಡಸರು ಕೂತಿದ್ದರು. ಎಲ್ಲರೂ ಎದ್ದು ಮೂಗಿಗೆ ಮೂಗು ತಾಗಿಸಿ ಬರಮಾಡಿಕೊಂಡರು. ಬೂ ಬರ್ಜಸ್ ಎತ್ತರದ ಆಳು, ಬಿಳಿ ಗಡ್ಡ, ಮಾತು ಮಾತ್ರ ತುಂಬ ಮೆಲ್ಲಗೆ. ನನ್ನನ್ನು ತನ್ನ ಬಲಕ್ಕೇ ಕೂರಿಸಿಕೊಂಡ. ಎಡಕ್ಕೆ ಅವನ ಚಿಕ್ಕಪ್ಪ, ಕಣ್ಣು ಮಂಜಾದ ಮುದುಕ, ಕೋಲಿನ ಮೇಲೆ ಗಲ್ಲ ಇಟ್ಟು ಕೂತಿದ್ದ. ಬಾಗಿಲ ಹತ್ತಿರ ಬರ್ಜಸ್. ಮೀಸೆ ಬಂದ ಗಂಡಸು, ಆದರೆ ನನ್ನನ್ನು ಕಂಡೊಡನೆ ಮುಖ ಬಿಳಿಚಿಕೊಂಡ. ಕಾಫಿಯವನು ಗಿಂಡಿ ಹಿಡಿದು ಸುತ್ತು ಬಂದ. ನಾನು ಕುಡಿದು ಬಟ್ಟಲು ಅಲುಗಿಸಿ ಸಾಕೆಂದು ತೋರಿಸಿದೆ.

ಗಡಿಯಾರ ಬೂ ಬರ್ಜಸ್‌ನ ಕೈಮೇಲೇ ಇತ್ತು. ನಾನು ಅದರ ಕಡೆ ನೋಡಲಿಲ್ಲ. ಅವನೂ ಅದರ ಮಾತೆತ್ತಲಿಲ್ಲ. ಮಳೆ ಬಂದದ್ದು, ಮರುಭೂಮಿಯಲ್ಲಿ ಈ ಸಲ ಅಣಬೆ ಏಳದ್ದು, ಒಂಟೆಗೆ ಬಂದ ಕೆಮ್ಮು, ಎಲ್ಲ ಮಾತಾಯಿತು. 

ಕೊನೆಗೆ ನಾನೇ ಹೇಳಿದೆ. "ಬೂ ಬರ್ಜಸ್, ನಾನು ಬಂದಿದ್ದು ವ್ಯಾಪಾರಕ್ಕೆ. ಗಡಿಯಾರ ಮಾರ್ತೀರಿ ಅಂತ ಕೇಳ್ದೆ."

"ನೋಡು, ನೋಡು. ನೋಡೋಕೇನು ಅವಸರ?" ಅವನು ಬಿಚ್ಚಿ ಕೊಟ್ಟ.

ನಾನು ಅದನ್ನು ಹಿಂದೆ ಮುಂದೆ ತಿರುಗಿಸಿದೆ. ಪಟ್ಟಿ ಬದಲಾಗಿತ್ತು. ಮೇಲಿನ ಗುಂಡಿ ಒತ್ತಿದೆ, ಮುಳ್ಳು ಓಡಿತು. ನಿಲ್ಲಿಸಿ ಕೆಳಗಿನ ಗುಂಡಿ ಒತ್ತಿದೆ. ಮುಳ್ಳು ಹಾರಿ ವಾಪಸ್ ಬಂದು ಹನ್ನೆರಡಕ್ಕಿಂತ ಕೂದಲೆಳೆಯಷ್ಟು ಎಡಕ್ಕೆ ನಿಂತಿತು. ಅಣ್ಣ ಪಕ್ಕದಲ್ಲಿ ಬಂದು ಕೂತ ಹಾಗಾಯಿತು. ಕಣ್ಣು ತುಂಬುವ ಹಾಗಾಯಿತು, ಆದರೆ ಬೂ ಬರ್ಜಸ್ ನನ್ನ ಮುಖವನ್ನೇ ನೋಡುತ್ತಿದ್ದ. ಕಣ್ಣೀರು ಹೊಗಳಿಕೆಗಿಂತ ಜಾಸ್ತಿ.

"ಪಟ್ಟಿ ಮೂಲದ್ದಲ್ಲ," ಎಂದೆ. "ಮುಳ್ಳು ಕೂಡ ಸರಿಯಾಗಿ ಕೂರ್ತಿಲ್ಲ. ಆದ್ರೂ ಮಾರುಕಟ್ಟೆ ಬೆಲೆ ಕೊಡ್ತೀನಿ. ಚೌಕಾಸಿ ಮಾಡಲ್ಲ." ಲಕೋಟೆ ಹೊರಗೆ ತೆಗೆದೆ.

"ಎಷ್ಟು ಒರಟಾಗಿ ಮಾತಾಡ್ತೀಯಪ್ಪಾ," ಎಂದು ಬೂ ಬರ್ಜಸ್ ನಕ್ಕ. "ಇರು, ಎಲ್ಲರೂ ನೋಡಲಿ. ಎಲ್ಲರ ಮುಂದೆ ಆದ ವ್ಯಾಪಾರ ಗಟ್ಟಿ."

ಗಡಿಯಾರವನ್ನು ನನ್ನ ಕೈಯಿಂದ ತೆಗೆದು ಪಕ್ಕದವನಿಗೆ ಕೊಟ್ಟ. ಅದು ಕೈಯಿಂದ ಕೈಗೆ ಹೊರಟಿತು. ಒಬ್ಬೊಬ್ಬರೂ ತಿರುಗಿಸಿ ನೋಡಿದರು, ಗಡ್ಡ ಸವರಿಕೊಂಡರು, ತುಟಿ ಬಿಗಿದುಕೊಂಡು ಮುಂದಕ್ಕೆ ಕೊಟ್ಟರು. ಒಬ್ಬನೂ ಚೆನ್ನಾಗಿದೆ ಎನ್ನಲಿಲ್ಲ. ಅವರೆಲ್ಲರಿಗೂ ಗೊತ್ತಿತ್ತು. ಸಾಲಿನ ಕೊನೆಯಲ್ಲಿ ಶಾಫಿ ಕೂತಿದ್ದ. ಗಡಿಯಾರ ಅವನ ಕಡೆಗೆ ಬರುತ್ತಿರುವುದನ್ನು ನಾನು ನೋಡುತ್ತಿದ್ದೆ. ಲಾರಿ ಬರುವುದನ್ನು ಕಂಡೂ ಕಾಲು ಏಳದ ಮನುಷ್ಯನ ಸ್ಥಿತಿ ನನ್ನದು. ಕಣ್ಣಲ್ಲೇ ಶಾಫಿಗೆ ಹೆದರಿಕೆ ಹಾಕಿದೆ. ಅವನು ತಲೆಯಾಡಿಸಿದ.

ಅವನು ಗಡಿಯಾರ ಹಿಡಿದುಕೊಂಡ. ಪಾಪ, ಉಸಿರು ಬಿಗಿಹಿಡಿದು ಕೂತ. ಮುಂದಕ್ಕೆ ಕೊಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.

"ಶಾಫಿ," ಎಂದ ಬೂ ಬರ್ಜಸ್, ಜೇನು ಸುರಿದ ಹಾಗೆ. "ನೀನು ಕಾರು, ಗಡಿಯಾರ ಎಲ್ಲ ಬಲ್ಲವನಂತೆ. ನನ್ನದು ಹೇಗಿದೆ?"

ಕೆಟ್ಟದಾಗಿದೆ ಎಂದರೆ ಮನೆಯ ಯಜಮಾನನಿಗೆ ಅವಮಾನ. ಶಾಫಿ ನನ್ನನ್ನು ನೋಡಿದ, ಗಡಿಯಾರ ನೋಡಿದ, ಮತ್ತೆ ನನ್ನನ್ನು ನೋಡಿದ.

"ಪರವಾಗಿಲ್ಲ," ಎಂದ.

"ಪರವಾಗಿಲ್ಲ ಅಷ್ಟೇನಾ?" ಬೂ ಬರ್ಜಸ್‌ನ ಹುಬ್ಬು ಮೇಲೇರಿತು. ನಾಲ್ಕು ಜನ ಕೆಮ್ಮಿದರು.

"ಇಲ್ಲ, ಇಲ್ಲ, ಹಾಗಲ್ಲ..." ಶಾಫಿಗೆ ಬೆವರು. "ಅಂದ್ರೆ, ಸಣ್ಣದಿದೆ. ನಿಮ್ಮಂಥ ದೊಡ್ಡ ಕೈಗೆ ಒಂಚೂರು ಸಣ್ಣದು. ನಮ್ಮ ಭಾವನ ಕೈಗಾದ್ರೆ ಹೇಳಿ ಮಾಡಿಸ್ದಂಗೆ ಇರುತ್ತೆ!"

ತಾನು ಏನೆಂದೆ ಎಂದು ಶಾಫಿಗೆ ಆಗ ಗೊತ್ತಾಯಿತು. ಬಾಯಿಯ ಮೇಲೆ ಕೈಯಿಟ್ಟುಕೊಂಡ. ಇಟ್ಟು ಪ್ರಯೋಜನವೇನು, ಮಾತು ಆಗಲೇ ಹೊರಬಿದ್ದಿತ್ತು.

ಬೂ ಬರ್ಜಸ್ ಎದ್ದ. ಅಷ್ಟು ದೂರ ನಡೆದು ಹೋಗಿ ಶಾಫಿಯ ಕೈಯಿಂದ ಗಡಿಯಾರ ತೆಗೆದುಕೊಂಡು ಬಂದು ನನ್ನ ಎಡಗೈಯನ್ನು ಹಿಡಿದು ತಾನೇ ಕಟ್ಟಿದ. "ಬಾಯಲ್ಲಿ ಬಂತು, ಆಯ್ತು. ಇದು ನಿನ್ನದು ಬೂ ಫಲಾಹ್. ನಿನ್ನ ಕೈಗೆ ಬಂದು ಸೇರ್ತು."

"ಬೂ ಬರ್ಜಸ್, ಹಣ ತಗೊಳ್ಳಿ. ಇದು ವಿಧವೆಯ ಹಣ. ಅವಳಿಗೆ ಮಾತು ಕೊಟ್ಟು ಬಂದಿದ್ದೀನಿ."

"ನನ್ನ ಮನೆ ಅಂಗಡಿ ಅಲ್ಲ." ಲಕೋಟೆಯನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದ. "ನನ್ನ ಕೈಯಿಂದ ಬಿಚ್ಚಿ ಕೊಟ್ಟದ್ದಕ್ಕೆ ಬೆಲೆ ಕಟ್ಟಿ ನನ್ನನ್ನ ಸಣ್ಣವನನ್ನಾಗಿ ಮಾಡ್ತೀಯಾ?"

"ಮುಬಾರಕ್, ಮುಬಾರಕ್," ಎಂದು ಸುತ್ತಲಿಂದ ದನಿಗಳೆದ್ದವು. ಮದುವೆಯೊಂದು ಗೊತ್ತಾದ ಹಾಗೆ ಎಲ್ಲರಿಗೂ ಖುಷಿ. ಬೂ ಬರ್ಜಸ್ ನನ್ನ ಪಕ್ಕ ಕೂತು, ಮೊಣಕಾಲಿನ ಮೇಲೆ ಕೈಯಿಟ್ಟು, ನನಗೊಬ್ಬನಿಗೇ ಕೇಳುವಂತೆ ಹೇಳಿದ. "ಭಾನುವಾರ ನಿನಗೇನೋ ಕೆಲಸ ಇತ್ತಂತೆ. ಯಾಕೆ ಸುಮ್ಮನೆ ಆಯಾಸ? ಮನೇಲಿರು. ಮದುವೆ ಮನೆಯ ಕೆಲಸ ಬೇಕಾದಷ್ಟಿರುತ್ತೆ."

ಅವನ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂತು. ಅಣ್ಣನ ಗಡಿಯಾರ ನನ್ನ ಕೈಮೇಲಿತ್ತು, ಬೇಡಿಯ ಹಾಗೆ ಭಾರವಾಗಿತ್ತು. ಉಡುಗೊರೆ ತೊಟ್ಟು ಆ ಮನೆಯ ವಿರುದ್ಧ ಸಾಕ್ಷಿ ಹೇಳಿದವನನ್ನು ನಮ್ಮ ಜನ ಸತ್ತ ಮೇಲೂ ನೆನೆಸಿಕೊಂಡು ಉಗಿಯುತ್ತಾರೆ. ನನ್ನ ಮಗನಿಗೆ ಹೆಣ್ಣು ಸಿಗುವುದಿಲ್ಲ. ಇತ್ತ ಬಖೀತ್, ಕಾಲಿಗೆ ಕಬ್ಬಿಣದ ಸರಳು ಹಾಕಿಸಿಕೊಂಡು, ನೀವು ಹೇಳ್ತೀರಲ್ಲ ಬೂ ಫಲಾಹ್, ನೀವು ನೋಡಿದ್ದೀರಲ್ಲ ಎಂದು ದಿನಾ ಕೇಳುತ್ತಿದ್ದ. ಅವನ ಮುಖವನ್ನು ಹೇಗೆ ನೋಡಲಿ?

ಆಗ ಕಾಫಿಯವನು ಮತ್ತೆ ಸುತ್ತು ಬಂದ. ಸಂತೋಷದ ಕಾಫಿ. ಮೊದಲ ಬಟ್ಟಲು ನನಗೆ.

ಬಟ್ಟಲು ತೆಗೆದುಕೊಂಡೆ. ತುಟಿಯವರೆಗೂ ತಂದೆ. ಏಲಕ್ಕಿಯ ವಾಸನೆ ಮೂಗಿಗೆ ಬಂತು. ಕುಡಿಯಲಿಲ್ಲ. ತುಂಬಿದ ಬಟ್ಟಲನ್ನು ಹಾಗೆಯೇ ನನ್ನ ಮುಂದೆ ನೆಲದ ಮೇಲೆ ಇಟ್ಟೆ.

ಮುಬಾರಕ್ ಎನ್ನುತ್ತಿದ್ದ ಬಾಯಿಗಳೆಲ್ಲ ಮುಚ್ಚಿಕೊಂಡವು. ಕಾಫಿಯವನು ಗಿಂಡಿ ಹಿಡಿದು ನಿಂತಲ್ಲೇ ನಿಂತ. ಹೆಣ್ಣು ಕೇಳಲು ಬಂದವನು, ಕೊಲೆಗೆ ಕ್ಷಮೆ ಕೇಳಲು ಬಂದವನು ಬಟ್ಟಲನ್ನು ಹಾಗೆ ಇಡುತ್ತಾನೆ. ಕೇಳಿದ್ದು ಸಿಗುವವರೆಗೆ ಅವನು ಕುಡಿಯುವುದಿಲ್ಲ. ಅತಿಥಿ ಕುಡಿಯದೆ ಎದ್ದು ಹೋದರೆ ಆ ಮನೆಯ ಮಾನ ಅವನ ಹಿಂದೆಯೇ ಹೋಗುತ್ತದೆ.

"ನನ್ನದೊಂದು ಬೇಡಿಕೆ ಇದೆ," ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು.

ಬೂ ಬರ್ಜಸ್ ನನ್ನ ಕೈಯಲ್ಲಿದ್ದ ಲಕೋಟೆ ನೋಡಿದ. ಅವನ ಕಣ್ಣಲ್ಲಿ ನಗು ಬಂತು. ಇನ್ನೂ ಹಣದ ಮಾತೇ ಹಿಡಿದು ಕೂತಿದ್ದಾನೆ ಈ ಬಡಪಾಯಿ, ತಗೊಳ್ಳಿ ಎಂದು ಗೋಗರೆಯುತ್ತಾನೆ, ತಗೊಂಡರೆ ಏನು ಹೋಯಿತು, ಊರೆಲ್ಲ ನನ್ನ ದೊಡ್ಡತನ ಕಂಡಾಯಿತು. ಹೀಗೆ ಅವನು ಲೆಕ್ಕ ಹಾಕಿದ್ದು ಆ ಮುಖದಲ್ಲಿ ಓದುವಷ್ಟು ಸ್ಪಷ್ಟವಾಗಿತ್ತು.

"ಕುಡಿ, ಕುಡಿ," ಎಂದ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. "ಕೇಳಿದ್ದು ಸಿಕ್ತು ಅಂದ್ಕೋ."

ಪಕ್ಕದಲ್ಲಿದ್ದ ಮುದುಕ ಚಿಕ್ಕಪ್ಪ ಕೋಲಿನಿಂದ ನೆಲ ತಟ್ಟಿದ. "ಮಗಾ, ಮೊದ್ಲು ಅವನು ಏನು ಕೇಳ್ತಾನೆ ಅಂತ ಕೇಳು."

"ಕೇಳಿ ಆಮೇಲೆ ಕೊಡೋಕೆ ನಾನೇನು ಕಿರಾಣಿ ಅಂಗಡಿಯವನಾ ಚಿಕ್ಕಪ್ಪಾ?" ಬೂ ಬರ್ಜಸ್ ಗಡ್ಡ ಹಿಡಿದುಕೊಂಡ. "ಈ ಗಡ್ಡದ ಮೇಲಾಣೆ, ಬೂ ಫಲಾಹ್. ಕೊಟ್ಟಾಯ್ತು. ಕುಡಿ."

ನಾನು ಕುಡಿಯಲಿಲ್ಲ. ನನ್ನ ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದೆ.

"ನಿಮ್ಮ ಉಡುಗೊರೆ ನಾನು ತಗೊಂಡೆ. ನನ್ನ ಅಣ್ಣನದ್ದು ಇದು, ನೀವು ನನಗೆ ಕೊಟ್ರಿ, ಅಲ್ಲಾಹ್ ನಿಮಗೆ ಒಳ್ಳೇದು ಮಾಡಲಿ. ಇದನ್ನ ತೊಟ್ಟ ಮೇಲೆ ನಿಮ್ಮ ಮನೆ ವಿರುದ್ಧ ನಾನು ಬಾಯಿ ಬಿಡೋ ಹಾಗಿಲ್ಲ. ಭಾನುವಾರ ನಾನು ಸಾಕ್ಷಿ ಹೇಳಲ್ಲ." ಒಂದಿಬ್ಬರು ತಲೆದೂಗಿದರು. ಬೂ ಬರ್ಜಸ್‌ನ ಮುಖ ಅರಳಿತು. "ಅದಕ್ಕೇ ನನ್ನ ಬೇಡಿಕೆ. ನಾನು ಹೇಳೋ ಹಾಗಿಲ್ಲವಾದ್ರಿಂದ ನಿಮ್ಮ ಮನೆಯವನೇ ಹೇಳಲಿ. ನಿಮ್ಮ ಬರ್ಜಸ್ ಭಾನುವಾರ ಹೋಗಿ, ಸಿಗ್ನಲ್ ಯಾವ ಬಣ್ಣ ಇತ್ತು ಅಂತ ನಿಜ ಹೇಳಿ ಬರಲಿ."

ಬಾಗಿಲ ಹತ್ತಿರ ಬರ್ಜಸ್ ಎದ್ದು ನಿಂತ, ಮತ್ತೆ ಕೂತ. ಬೂ ಬರ್ಜಸ್‌ನ ಕೈ ಗಡ್ಡದ ಮೇಲೇ ಉಳಿದಿತ್ತು. ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ ಎಂದು ಕಾಣುತ್ತದೆ.

"ಹೊರಗೆ ಹಾಕ್ರೋ ಇವನನ್ನ!" ಎಂದು ಮೂಲೆಯಿಂದ ಯಾರೋ ಕೂಗಿದ.

"ಬಾಯಿ ಮುಚ್ಚು!" ಎಂದದ್ದು ಬೂ ಬರ್ಜಸ್. ನನ್ನ ಕಡೆಗೆ ತಿರುಗಿದ. ಮೆಲುದನಿಯೇ, ಆದರೆ ಅದರಲ್ಲಿ ಈಗ ಜೇನಿರಲಿಲ್ಲ. "ನನ್ನ ಮನೇಲಿ ಕೂತು, ನನ್ನ ಮಗನನ್ನ ಜೈಲಿಗೆ ಕಳಿಸು ಅಂತ ನನ್ನನ್ನೇ ಕೇಳ್ತೀಯಾ?"

"ನೀವು ಕೊಟ್ಟಾಯ್ತು ಅಂದಿದ್ರಿ."

"ಬೇರೆ ಕೇಳು. ಹೊಲ ಕೇಳು. ಒಂಟೆ ಕೇಳು."

"ನನಗೆ ಹೊಲ ಯಾಕೆ? ನಮ್ಮ ಕಾವಲುಗಾರನಿಗೆ ಒಂದು ಕಾಲು ಕಡಿಮೆ ಬಿದ್ದಿದೆ."

ಹೀಗೆ ಹೇಳಿದ್ದು ಧೈರ್ಯದಿಂದಲ್ಲ. ಹೆದರಿದಾಗ ನನ್ನ ನಾಲಿಗೆ ಹರಿತವಾಗುತ್ತದೆ, ಅದು ನನ್ನ ಹಣೆಬರಹ. ಆ ಮನೆಯಿಂದ ನೆಟ್ಟಗೆ ಹೊರಬರುತ್ತೇನೆಂಬ ನಂಬಿಕೆ ನನಗಿರಲಿಲ್ಲ. ಶಾಫಿ ಕಣ್ಣು ಮುಚ್ಚಿಕೊಂಡು ಏನೋ ಜಪಿಸುತ್ತಿದ್ದ. ಬೂ ಬರ್ಜಸ್ ನೆಲದ ಮೇಲಿದ್ದ ಬಟ್ಟಲನ್ನೇ ನೋಡುತ್ತಿದ್ದ. ಎಲ್ಲರೂ ಅದನ್ನೇ ನೋಡುತ್ತಿದ್ದರು.

"ಕಾಫಿ ಆರ್ತಾ ಇದೆ," ಎಂದ ಮುದುಕ ಚಿಕ್ಕಪ್ಪ.

ಬೂ ಬರ್ಜಸ್ ಮಗನ ಕಡೆ ನೋಡಿದ. ಅವನು ಬೇಡ ಎಂದಿದ್ದರೆ, ಅತ್ತಿದ್ದರೆ, ಏನಾಗುತ್ತಿತ್ತೋ ತಿಳಿಯದು. ಬರ್ಜಸ್ ತಲೆ ಎತ್ತದೆಯೇ ಹೇಳಿದ, "ಅಪ್ಪ, ನನಗೆ ರಾತ್ರಿ ನಿದ್ದೆ ಬರ್ತಿಲ್ಲ. ಅವರು ಕುಡೀಲಿ."

ಬೂ ಬರ್ಜಸ್ ಕಾಫಿಯವನ ಕೈಯಿಂದ ಗಿಂಡಿ ಕಿತ್ತುಕೊಂಡ. ನನ್ನ ಮುಂದೆ ಬಗ್ಗಿ, ಆರಿದ ಕಾಫಿಯನ್ನು ಬೂದಿಯ ತಟ್ಟೆಗೆ ಚೆಲ್ಲಿ, ಬಿಸಿಯದನ್ನು ತಾನೇ ಬಗ್ಗಿಸಿದ. ಅದರಲ್ಲಿ ಕಾಲು ಪಾಲು ಚೆಲ್ಲಿ ನನ್ನ ತೋಳಿನ ಮೇಲೆ ಬಿತ್ತು. ಸುಟ್ಟಿತು. ನಾನು ಕದಲಲಿಲ್ಲ.

"ಕುಡಿ," ಎಂದ. "ನಿನಗೆ ಸಿಕ್ತು."

ಕುಡಿದೆ. ನನ್ನ ಆಯುಸ್ಸಿನಲ್ಲಿ ಅಷ್ಟು ಕಹಿ ಕಾಫಿ ಕುಡಿದಿಲ್ಲ.

ವಾಪಸ್ ಬರುವಾಗ ಶಾಫಿ ಜಹ್ರಾ ದಾಟುವವರೆಗೂ ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು ಕಾರು ಓಡಿಸಿದ. ಆಮೇಲೆ, "ಭಾವ, ಒಂದ್ಮಾತು ಹೇಳ್ಲಾ?" ಎಂದ.

"ಗಡಿಯಾರ ಚೆನ್ನಾಗಿದೆ ಅಂತ ಹೇಳಿದ್ರೆ ಇಲ್ಲೇ ಇಳಿಸಿ ಹೋಗ್ತೀನಿ."

"ಕಾರು ನಂದು ಭಾವ," ಎಂದು ಅವನು ಅಳತೊಡಗಿದ. ಅವನ ಬೆನ್ನು ತಟ್ಟಿದೆ. ಇನ್ನೇನು ಮಾಡಲಿ?

ಗಡಿಯಾರವನ್ನು ಮುನೀರಾಗೆ ಆ ದಿನ ಕೊಡಲಿಲ್ಲ. ಭಾನುವಾರ ಮುಗಿಯುವ ತನಕ ಅದು ನಮ್ಮದಲ್ಲ ಎನಿಸಿತು. ಜನರ ಮುಂದೆ ಕೊಟ್ಟ ಮಾತು ಬೇರೆ, ಮನೆಯೊಳಗೆ ಮಗನ ತಾಯಿಯ ಕಣ್ಣೀರು ಬೇರೆ. ವಿಮಾನ ಹತ್ತಿಸಿ ಬರ್ಜಸ್‌ನನ್ನು ಎಲ್ಲಿಗಾದರೂ ಕಳಿಸಿಬಿಡುವುದು ಅವನಪ್ಪನಿಗೆ ದೊಡ್ಡ ವಿಷಯವೇನಲ್ಲ.

ಭಾನುವಾರ ಬಖೀತ್ ಊರುಗೋಲಿನ ಮೇಲೆ ಬಂದು ತನಿಖಾ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಕೂತ. ಗಡ್ಡ ಬೋಳಿಸಿಕೊಂಡು ಬಂದಿದ್ದ, ಹಬ್ಬಕ್ಕೆ ಬಂದವನ ಹಾಗೆ.

"ಇವರ ಲಿಫ್ಟೂ ಕೆಟ್ಟಿದೆ ಬೂ ಫಲಾಹ್. ಇದಕ್ಕೂ ನೀವೇ ಕಾರಣನಾ?"

"ಸುಮ್ನೆ ಕೂತ್ಕೋ."

"ಸರಿಯಾಗಿ ಹೇಳ್ತೀರಲ್ಲ? ಕೆಂಪು ಅಂತ?"

ನನ್ನ ಜೇಬಿನಲ್ಲಿ ಗಡಿಯಾರ ಟಿಕ್ ಎನ್ನುತ್ತಿತ್ತು. ಅವನಿಗೆ ಏನನ್ನೂ ಹೇಳಿರಲಿಲ್ಲ. ಬೂ ಬರ್ಜಸ್ ಬರದಿದ್ದರೆ ಈ ಗಡಿಯಾರವನ್ನು ಅವನ ಬಾಗಿಲಿಗೆ ಎಸೆದು ಬಂದು ನಾನೇ ಹೇಳಿಕೆ ಕೊಡುತ್ತೇನೆ, ಜನ ಉಗಿದರೆ ಉಗಿಯಲಿ ಎಂದುಕೊಂಡೆ. ಅಂದುಕೊಂಡೆ ಅಷ್ಟೇ. ಅಷ್ಟು ಗುಂಡಿಗೆ ಇತ್ತೋ ಇಲ್ಲವೋ ಅಲ್ಲಾಹನಿಗೇ ಗೊತ್ತು. ಒಳಗಿನಿಂದ ನಮ್ಮ ಕೇಸಿನ ಹೆಸರು ಕೂಗಿದರು. ನಾನು ಕೂತಲ್ಲೇ ಕೂತೆ. ಬಖೀತ್ ನನ್ನ ತೋಳು ಹಿಡಿದು ಅಲುಗಿಸಿದ.

ಆಗ ಮೆಟ್ಟಿಲು ಹತ್ತಿ ಬೂ ಬರ್ಜಸ್ ಬಂದ. ಮಗನ ಮಣಿಕಟ್ಟನ್ನು ಹಿಡಿದುಕೊಂಡಿದ್ದ, ರಸ್ತೆ ದಾಟುವಾಗ ಮಕ್ಕಳನ್ನು ಹಿಡಿದುಕೊಳ್ಳುವ ಹಾಗೆ. ಬಾಗಿಲ ಬಳಿ ಕೈಬಿಟ್ಟ. ಬರ್ಜಸ್ ಬಖೀತನ ಮುಂದೆ ಒಂದು ಕ್ಷಣ ನಿಂತು, ಬಗ್ಗಿ ಅವನ ಹಣೆಗೆ ಮುತ್ತಿಟ್ಟು, ಒಬ್ಬನೇ ಒಳಗೆ ಹೋದ. ಬಖೀತ್ ಬಾಯಿ ತೆರೆದು ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ.

ಬಹಳ ಹೊತ್ತಾದ ಮೇಲೆ ಬರ್ಜಸ್ ಹೊರಗೆ ಬಂದ. ಅವನ ಜೊತೆ ಪೊಲೀಸನೊಬ್ಬ ಇದ್ದ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೂ ಸೇರಿಸಿ ಅವನನ್ನು ಅಲ್ಲಿಂದಲೇ ಕರೆದುಕೊಂಡು ಹೋದರು. ಬೂ ಬರ್ಜಸ್ ಮಗ ಕಣ್ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ನನ್ನ ಬಳಿ ಬಂದ. ಸಲಾಂ ಹೇಳಲಿಲ್ಲ.

"ನನ್ನ ಮನೇಲಿ ನೀನು ಕಾಫಿ ಕುಡಿದು ಎದ್ದೆಯಲ್ಲ?"

"ಕುಡಿದೆ."

"ಸರಿ," ಎಂದು ಇಳಿದು ಹೋದ. ಅವನ ಬೆನ್ನು ಅಷ್ಟು ಬಾಗಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಗೆದ್ದೆ ಎಂದು ನನಗೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಅಲ್ಲಿಂದ ನೇರವಾಗಿ ಮುನೀರಾಳ ಮನೆಗೆ ಹೋದೆ. ಗಡಿಯಾರವನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಕಿವಿಗಿಟ್ಟುಕೊಂಡಳು. ಗುಂಡಿ ಒತ್ತಿ, ನಿಲ್ಲಿಸಿ, ಮತ್ತೊಂದು ಒತ್ತಿದಳು. ಮುಳ್ಳು ಹಾರಿ ಬಂದು ಕೂದಲೆಳೆಯಷ್ಟು ಎಡಕ್ಕೆ ನಿಂತಿತು. "ಇದೇ," ಎಂದಳು. "ನನ್ನ ಮಗನ ರುಜು." ಅವಳ ಮುಸುಕಿನ ತುದಿಯೆಲ್ಲ ಒದ್ದೆಯಾಯಿತು.

ಆಮೇಲೆ ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. "ಪೂರ್ತಿ ಬೆಲೆ ಕೊಟ್ಟೆ ತಾನೇ?"

ನಾನು ಲಕೋಟೆಯನ್ನು ಅವಳ ಮುಂದಿಟ್ಟೆ, ಅವಳು ಅಂಟಿಸಿದ ಹಾಗೆಯೇ ಇತ್ತು.

"ಇದೇನು? ದಾನ ತಗೊಂಡ್ಯಾ?" ಅವಳ ಕಣ್ಣು ಕೆಂಪಾಯಿತು. "ಹಾಗಾದ್ರೆ ಇದರ ಬೆಲೆ ಯಾರು ಕೊಟ್ರು?"

"ಬರ್ಜಸ್ ಕೊಟ್ಟ," ಎಂದೆ. ಶುಕ್ರವಾರ ನಡೆದದ್ದು, ಇಂದು ನಡೆದದ್ದು, ಎಲ್ಲವನ್ನೂ ಹೇಳಿದೆ. ಅವಳು ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದಳು. ನನ್ನನ್ನು ಹೊಗಳುತ್ತಾಳೇನೋ ಎಂಬ ಆಸೆ ನನಗೆ ಸ್ವಲ್ಪ ಇತ್ತು, ಯಾಕೆ ಸುಳ್ಳು ಹೇಳಲಿ.

"ಆ ಹುಡುಗನಿಗೆ ತಾಯಿ ಇದ್ದಾಳಾ?" ಎಂದು ಕೇಳಿದಳು.

"ಇದ್ದಾಳೆ."

ಮುನೀರಾ ಎದ್ದಳು. ಗೂಟದಲ್ಲಿದ್ದ ಕಪ್ಪು ಅಬಾಯಾ ತೆಗೆದು ಹೆಗಲಿಗೆ ಹಾಕಿಕೊಂಡಳು. ಲಕೋಟೆ ನೆಲದ ಮೇಲೇ ಉಳಿಯಿತು.

"ಕಾರು ತೆಗಿ. ಜಹ್ರಾಕ್ಕೆ ಹೋಗ್ಬೇಕು."

"ಅವರು ಹಣ ತಗೊಳ್ಳಲ್ಲ, ಮುನೀರಾ. ಇನ್ನೊಂದ್ಸಲ ಅವಮಾನ ಮಾಡಿದ ಹಾಗಾಗುತ್ತೆ."

"ಹಣ ಕೊಡೋಕೆ ಯಾರು ಹೋಗ್ತಿದ್ದಾರೆ? ಇವತ್ತು ಆ ಮನೇಲಿ ಒಬ್ಬಳು ಹೆಂಗಸು ಒಬ್ಬಳೇ ಕೂತಿರ್ತಾಳೆ," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು. "ಬಾ ಬೇಗ. ನೀನು ಒಳಗೆ ಬರ್ಬೇಡ, ಹೊರಗೇ ಇರು."